ಮೌಲ್‌ಬ್ರೊನ್ ಮಠದಲ್ಲಿ ಸನ್ಯಾಸಿಗಳು ಸಿಗುತ್ತಾರಾ?

ಪ್ರಶ್ನೆ: ಸ್ಟುಟ್‌ಗಾರ್ಟ್‌ನಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ಮೌಲ್‌ಬ್ರೊನ್ ಮಠದಲ್ಲಿ ಸನ್ಯಾಸಿಗಳ ಪ್ರಾರ್ಥನೆ ಎಷ್ಟು ಹೊತ್ತಿಗೆ ಇರುತ್ತದೆ?

ಯಾವ ಹೊತ್ತಿಗೂ ಇರುವುದಿಲ್ಲ. ಅದು ಜರ್ಮನಿಯ ಹಳೆಯ ಕ್ರೈಸ್ತ ಮಠ, ಆದರೆ ಈಗ ಅಲ್ಲಿ ಸನ್ಯಾಸಿಗಳೇ ಇಲ್ಲ. ಬೇಸಿಗೆ ರಜೆ ಬಂತೆಂದರೆ ಈ ಪ್ರಶ್ನೆಯೂ ಬಂತೆಂದೇ ಲೆಕ್ಕ!

ಇದರ ಹಿಂದೆ ಒಂದು ಗಟ್ಟಿ ನಂಬಿಕೆ ಇದೆ: ಮಠ ಇಷ್ಟು ಚೆನ್ನಾಗಿ ಉಳಿದಿದೆ ಅಂದರೆ ಸನ್ಯಾಸಿಗಳೇ ನೋಡಿಕೊಂಡಿರಬೇಕು ಅಂತ. ಆದದ್ದು ಉಲ್ಟಾ. 1147ರಲ್ಲಿ ಸಿಸ್ಟರ್ಸಿಯನ್ ಎಂಬ ಕ್ಯಾಥೊಲಿಕ್ ಪಂಗಡದ ಸನ್ಯಾಸಿಗಳು ಇಲ್ಲಿ ನೆಲೆಸಿದರು, ಕಟ್ಟಿದರು, ನಿಜ. ಆದರೆ 16ನೇ ಶತಮಾನದಲ್ಲಿ ಈ ಸೀಮೆ, ಅಂದರೆ ವುರ್ಟೆಂಬರ್ಗ್, ಪ್ರೊಟೆಸ್ಟೆಂಟ್ ಆಯಿತು, ಅದನ್ನಾಳುವ ಡ್ಯೂಕ್ ಮಠವನ್ನೇ ಮುಚ್ಚಿಸಿದ. ಮುಂದೆ ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಕಾದಾಡಿದ ಮೂವತ್ತು ವರ್ಷಗಳ ಯುದ್ಧದ ಗದ್ದಲದಲ್ಲಿ ಸನ್ಯಾಸಿಗಳು ಕೆಲವು ವರ್ಷ ವಾಪಸ್ ಬಂದಿದ್ದರು. ಯುದ್ಧ ಮುಗಿಸಿದ 1648ರ ಒಪ್ಪಂದವಾದ ಮೇಲೆ ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು.

ಹಾಗಾದರೆ ಉಳಿಸಿದ್ದು ಯಾರು? ಶಾಲೆ. 1556ರಲ್ಲಿ ಡ್ಯೂಕ್ ಕ್ರಿಸ್ಟೋಫ್ ಇಲ್ಲಿ ಹುಡುಗರಿಗೆ ಪ್ರೊಟೆಸ್ಟೆಂಟ್ ಶಾಲೆ ಶುರು ಮಾಡಿದ. ಮಕ್ಕಳು ಮಲಗಬೇಕು, ಉಣ್ಣಬೇಕು, ಪಾಠ ಕೇಳಬೇಕು. ಸೂರು ಸೋರಿದರೆ ರಿಪೇರಿ ಮಾಡಿಸಲೇಬೇಕು, ಅಲ್ವಾ? ಜನರಿಲ್ಲದ ಮಠಗಳ ಗತಿ ಬೇರೆ. ಫ್ರಾನ್ಸ್‌ನ ಕ್ಲೂನಿ ಮಠ ದೊಡ್ಡದೆಂದರೆ ದೊಡ್ಡದು. ಕ್ರಾಂತಿಯ ನಂತರ ಅದನ್ನು ಒಡೆದು ಕಲ್ಲನ್ನೇ ಮಾರಿಬಿಟ್ಟರು. ಮೌಲ್‌ಬ್ರೊನ್‌ನಲ್ಲಿ ಮಾತ್ರ ಚರ್ಚು, ಊಟದ ಮನೆ, ಕೊಟ್ಟಿಗೆ, ಗೋಡೆ, ಕೆರೆ, ಕಾಲುವೆ ಎಲ್ಲ ಒಟ್ಟಿಗೇ ಇವೆ. 1993ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದೂ ಅದಕ್ಕೇ. ಶಾಲೆ ಇವತ್ತಿಗೂ ನಡೆಯುತ್ತಿದೆ. ಆದ್ದರಿಂದ ಕಪ್ಪು ನಿಲುವಂಗಿ ಹುಡುಕಬೇಡಿ, ಬ್ಯಾಗ್ ಹೊತ್ತ ಹುಡುಗ ಹುಡುಗಿಯರು ಸಿಗುತ್ತಾರೆ.

ಅಂದಹಾಗೆ ಸಿಸ್ಟರ್ಸಿಯನ್ನರ ನಿಲುವಂಗಿ ಕಪ್ಪೂ ಅಲ್ಲ, ಬಿಳಿ.

ಚರ್ಚಿನಲ್ಲಿ ಒಂದನ್ನು ತಪ್ಪದೆ ನೋಡಿ. 1178ರಲ್ಲಿ ಪ್ರತಿಷ್ಠೆಯಾದ ರೋಮನೆಸ್ಕ್ ಶೈಲಿಯ ಕಟ್ಟಡ. ದಪ್ಪ ಗೋಡೆ, ಅರ್ಧವೃತ್ತದ ಕಮಾನು. ನಡುವೆ ಅಡ್ಡಲಾಗಿ ಒಂದು ಕಲ್ಲಿನ ಗೋಡೆ. ಪೂರ್ವಕ್ಕೆ ಸನ್ಯಾಸಿಗಳು, ಪಶ್ಚಿಮಕ್ಕೆ ಹೊಲ ತೋಟದಲ್ಲಿ ದುಡಿಯುವ 'ಸಹೋದರರು', ಅಂದರೆ ಮಠ ಸೇರಿದ ದುಡಿಮೆಗಾರರು. ದೇವರು ಒಬ್ಬನೇ, ಕೂರುವ ಜಾಗ ಬೇರೆ. ಊಟದ ಮನೆಯೂ ಬೇರೆಯೇ! ತಲೆ ಎತ್ತಿದರೆ ಕಾಣುವ ಬಳ್ಳಿಯಂಥ ಕಮಾನು ಛಾವಣಿ ಮಾತ್ರ ಆ ಕಾಲದ್ದಲ್ಲ. ಮೊದಲು ಮರದ ಚಪ್ಪಟೆ ಛಾವಣಿ ಇತ್ತು, ಇದನ್ನು ಕೂಡಿಸಿದ್ದು 1424ರಲ್ಲಿ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ: ಅಲ್ಲಿನ ಚಳಿಯಲ್ಲಿ ಸನ್ಯಾಸಿಗಳು ಏನು ಮಾಡುತ್ತಿದ್ದರು? ಅವರಿಗೆ ಬೆಚ್ಚಗಾಗಲು ಒಂದು ಕೋಣೆ ಇತ್ತು. ಅದರ ಕೆಳಗಿನ ನೆಲಮಾಳಿಗೆಯಲ್ಲಿ ಬೆಂಕಿ ಹಾಕುತ್ತಿದ್ದರು, ಶಾಖ ನೆಲದ ತೂತುಗಳಿಂದ ಮೇಲೆ ಬರುತ್ತಿತ್ತು. ಚರ್ಚಿನಲ್ಲಿ ಆ ಸುಖವೂ ಇಲ್ಲ. ಮೇ ತಿಂಗಳಲ್ಲಿ ಹೋದರೂ ಸ್ವೆಟರ್ ಇರಲಿ.

ಮಠದ ಆ ಶಾಲೆಯಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಓದಿದ್ದಾನೆ. 'ಸಿದ್ಧಾರ್ಥ' ಕಾದಂಬರಿಯ ಲೇಖಕ ಹರ್ಮನ್ ಹೆಸ್ಸೆ 1891ರಲ್ಲಿ ಸೇರಿ, ಮರುವರ್ಷ ಮಾರ್ಚ್‌ನಲ್ಲಿ ಓಡಿಹೋದ. ಅವನ ತಾಯಿಯ ತಂದೆ ಹರ್ಮನ್ ಗುಂಡರ್ಟ್ ಕೂಡ ಅಲ್ಲೇ ಓದಿದವರು. ಮಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಬಾಸೆಲ್ ಮಿಶನ್ ಸೇರಿ, ತಲಶ್ಶೇರಿಯಲ್ಲಿ ನೆಲೆಸಿ, ಮಲಯಾಳಂ ನಿಘಂಟು ಮಾಡಿದರಲ್ಲ, ಅದೇ ಗುಂಡರ್ಟ್.