ಸಮಾಧಿಯ ಸರಾಸರಿ ವಯಸ್ಸು

ಪುರಾತನ ಮೂಳೆಗಳನ್ನು ಪರೀಕ್ಷಿಸುವ ವೃತ್ತಿಯಲ್ಲಿರುವವರಿಗೆ ತಪ್ಪದೆ ಎದುರಾಗುವ ವಾದವೊಂದಿದೆ: ಮೊದಲ ಬೇಸಾಯಗಾರರ ಸಮಾಧಿಗಳಲ್ಲಿ ಸರಾಸರಿ ವಯಸ್ಸು ಕಡಿಮೆ, ಮಕ್ಕಳ ಮೂಳೆಗಳು ಹೆಚ್ಚು, ಆದ್ದರಿಂದ ಕೃಷಿಯು ಮನುಷ್ಯನ ಆಯುಸ್ಸನ್ನೇ ಮೊಟಕುಗೊಳಿಸಿತು. ಓದಿಕೊಂಡವರೇ ಇದನ್ನು ಹೇಳುವಾಗ ನನ್ನ ತಾಳ್ಮೆ ಕೆಡುತ್ತದೆ.

ಎರಡು ಗುಂಪುಗಳನ್ನು ಊಹಿಸಿಕೊಳ್ಳಿ. ಎರಡರಲ್ಲಿಯೂ ಹುಟ್ಟಿದ ನಾಲ್ಕು ಮಕ್ಕಳಲ್ಲಿ ಒಂದು ಸಾಯುತ್ತದೆ, ವರ್ಷಕ್ಕೆ 10 ಮಂದಿ ವಯಸ್ಕರು ಸಾಯುತ್ತಾರೆ. ಒಂದರಲ್ಲಿ ವರ್ಷಕ್ಕೆ 20 ಮಕ್ಕಳು ಹುಟ್ಟಿದರೆ ಸಮಾಧಿಗೆ ಸೇರುವ 15 ಮಂದಿಯಲ್ಲಿ 5 ಮಕ್ಕಳು. ಇನ್ನೊಂದರಲ್ಲಿ 40 ಹುಟ್ಟಿದರೆ 20 ಮಂದಿಯಲ್ಲಿ 10 ಮಕ್ಕಳು. ಮಗುವಿಗಿದ್ದ ಅಪಾಯ ಎರಡೂ ಕಡೆ ಒಂದೇ, ಆದರೂ ಎರಡನೆಯ ಸಮಾಧಿಯ ಸರಾಸರಿ ಕುಸಿಯುತ್ತದೆ. ಅಂದರೆ ಬೆಳೆಯುತ್ತಿರುವ ಜನಸಮುದಾಯದಲ್ಲಿ ಆ ಸರಾಸರಿಯು ಸಾವಿಗಿಂತ ಹೆಚ್ಚಾಗಿ ಹುಟ್ಟನ್ನೇ ತೋರಿಸುತ್ತದೆ.

ಹುಟ್ಟು ಹೆಚ್ಚಿದ್ದಕ್ಕೆ ಕಾರಣಗಳೂ ಇದ್ದವು. ಕೂಸನ್ನು ಹೊತ್ತು ಅಲೆಯುವ ತಾಯಿಗೆ ಮತ್ತೊಂದು ಕೂಸು ಬೇಗ ಬಂದರೆ ಕಷ್ಟ. ದಕ್ಷಿಣ ಆಫ್ರಿಕಾ ಭಾಗದ ಕಲಹರಿ ಮರುಭೂಮಿಯಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಬದುಕುತ್ತಿದ್ದ ಅಲೆಮಾರಿ ಸಾನ್ ಜನರಲ್ಲಿ 20ನೆಯ ಶತಮಾನದಲ್ಲಿ ದಾಖಲಾದ ಹೆರಿಗೆಗಳ ಅಂತರ ಸುಮಾರು 4 ವರ್ಷ. ಒಂದೆಡೆ ನೆಲೆ ನಿಂತು, ಕೂಡಿಟ್ಟ ಧಾನ್ಯದ ಗಂಜಿಯನ್ನುಣಿಸಿ ಮೊಲೆ ಬಿಡಿಸುವುದು ಸಾಧ್ಯವಾದಾಗ ಈ ಅಂತರ ಕಿರಿದಾಗಿರಬೇಕೆಂಬುದು ನಮ್ಮಲ್ಲಿ ಬಹುಮಂದಿಯ ಅಭಿಪ್ರಾಯ.

ಹಾಗೆಂದು ಬೇಸಾಯದಿಂದ ಹಾನಿಯೇ ಆಗಲಿಲ್ಲವೆಂದು ನಾನು ಹೇಳುತ್ತಿಲ್ಲ. ಒಟ್ಟಾಗಿ ನೆಲೆಸಿದ ಜನರಲ್ಲಿ ಸೋಂಕು ಸುಲಭವಾಗಿ ಹರಡಿತು, ಒಂದೇ ಧಾನ್ಯವನ್ನು ನೆಚ್ಚಿಕೊಂಡವರನ್ನು ಒಂದೇ ಬರಗಾಲ ಮುಗಿಸಬಲ್ಲುದಾಗಿತ್ತು. ಅಮೆರಿಕದ ಇಲಿನಾಯ್‌ನ ಡಿಕ್ಸನ್ ಮೌಂಡ್ಸ್ ಎಂಬ ಪುರಾತನ ಸಮಾಧಿ ನೆಲೆಯಲ್ಲಿ ಮೆಕ್ಕೆಜೋಳದ ಬೇಸಾಯ ಬಲಗೊಂಡ ಬಳಿಕದ ಹಲ್ಲುಗಳಲ್ಲಿ, ಬಾಲ್ಯದಲ್ಲಿ ಬೆಳವಣಿಗೆ ಕುಂಠಿತವಾದುದನ್ನು ತೋರಿಸುವ ಅಡ್ಡಗೀರುಗಳು ಹೆಚ್ಚಿವೆ. ಇಲ್ಲಿಯೂ ಎಚ್ಚರ ಬೇಕು: ಆ ಗೀರು ಮೂಡಬೇಕಾದರೆ ಮಗು ಕಾಯಿಲೆಯಿಂದ ಚೇತರಿಸಿಕೊಂಡಿರಬೇಕು, ಕೂಡಲೇ ಸತ್ತ ಮಗುವಿನ ಹಲ್ಲು ನುಣುಪಾಗಿಯೇ ಇರುತ್ತದೆ.

ಇಷ್ಟು ಅನುಮಾನಕ್ಕೆ ಎಡೆಗೊಡದ ಸಾಕ್ಷ್ಯವೆಂದರೆ ಸಿರಿಯಾದ ಅಬು ಹುರೈರಾ ಎಂಬ ಆದಿ ಬೇಸಾಯಗಾರರ ನೆಲೆಯಲ್ಲಿ ಸಿಕ್ಕ ಕಾಲ್ಬೆರಳುಗಳ ಮೂಳೆಗಳು. ಮಂಡಿಯೂರಿ, ಬೆರಳುಗಳನ್ನು ಹಿಂದಕ್ಕೆ ಮಡಿಚಿ, ಅರೆಯುವ ಕಲ್ಲಿನ ಮೇಲೆ ಗಂಟೆಗಟ್ಟಲೆ ಬಾಗಿ ದುಡಿದುದರಿಂದ ಹೆಬ್ಬೆರಳಿನ ಕೀಲು ಸವೆದಿದೆ, ಬೆನ್ನಿನ ಕೆಳಭಾಗ ಜಖಂಗೊಂಡಿದೆ. ಈ ಗುರುತುಗಳು ಹೆಚ್ಚಾಗಿ ಕಾಣುವುದು ಹೆಂಗಸರ ಮೂಳೆಗಳಲ್ಲಿ.