ನಾನು ಹೇಳಿದ ದಾರಿಯಲ್ಲೇ ಮ್ಯಾಪ್ ನನ್ನನ್ನು ಕರೆದುಕೊಂಡು ಹೋಗುತ್ತಾ?

ಪ್ರಶ್ನೆ: ನನ್ನ ಹತ್ತಿರ 125 ಸಿಸಿ ಸ್ಕೂಟರ್ ಇದೆ. ಬೆಂಗಳೂರಿನಿಂದ ಮೈಸೂರಿನ ತವರುಮನೆಗೆ ಒಂದು ಸಲ ಸ್ಕೂಟರಿನಲ್ಲೇ ಹೋಗಬೇಕು ಅನ್ನೋ ಆಸೆ. ಕನಕಪುರ, ಮಳವಳ್ಳಿ, ಬನ್ನೂರು ಮೇಲೆ ಹೋಗಿ, ಸೋಮನಾಥಪುರದ ದೇವಸ್ಥಾನ ನೋಡಿಕೊಂಡು ಮನೆ ಸೇರಬೇಕು. ಆದರೆ ಮ್ಯಾಪಿನಲ್ಲಿ ಮೈಸೂರು ಅಂತ ಹಾಕಿದ ತಕ್ಷಣ ಅದು ಬಿಡದಿ, ರಾಮನಗರದ ಕಡೆಗೇ ಗೆರೆ ಎಳೆಯುತ್ತದೆ. ನನಗೆ ಬೇಕಾದ ದಾರಿಯನ್ನು ಅದಕ್ಕೆ ಹೇಳಿಕೊಡುವುದು ಹೇಗೆ?

ಉತ್ತರ: ಹೇಳಿಕೊಡಬಹುದು. ಕಷ್ಟವೇನಿಲ್ಲ, ಹಿಂದಿನ ದಿನ ರಾತ್ರಿ ಒಂದು ಅರ್ಧ ಗಂಟೆ ಕೂತರೆ ಸಾಕು. ಆದರೆ ಮೊದಲು ಒಂದು ವಿಷಯ ಗೊತ್ತಿರಬೇಕು. ಮ್ಯಾಪಿಗೆ ನಿಮ್ಮ ಆಸೆ ಗೊತ್ತಿಲ್ಲ. ಎಲ್ಲಿಂದ, ಎಲ್ಲಿಗೆ, ಬೇಗ ಹೋಗುವ ದಾರಿ ಯಾವುದು, ಅದರ ಲೆಕ್ಕ ಇಷ್ಟೇ. ಚುಕ್ಕಿ ರಂಗೋಲಿ ಹಾಕುತ್ತೀರಲ್ವಾ, ಹಾಗೆ ಅಂದುಕೊಳ್ಳಿ. ಚುಕ್ಕಿ ಇಡುವುದು ನಿಮ್ಮ ಕೆಲಸ, ಗೆರೆ ಎಳೆಯುವುದು ಅದರ ಕೆಲಸ. ಎರಡೇ ಚುಕ್ಕಿ ಇಟ್ಟರೆ ಅದಕ್ಕೆ ತೋಚಿದ ಹಾಗೆ ಎಳೆಯುತ್ತದೆ. ಸರಿಯಾದ ಜಾಗದಲ್ಲಿ ನಾಲ್ಕೈದು ಚುಕ್ಕಿ ಇಟ್ಟರೆ ನಿಮ್ಮ ಗೆರೆಯನ್ನು ಬಿಟ್ಟು ಬೇರೆ ಗೆರೆ ಎಳೆಯಲು ಅದಕ್ಕೆ ದಾರಿಯೇ ಇರುವುದಿಲ್ಲ.

ಚುಕ್ಕಿ ಇಡುವ ಮೊದಲು ಗೂಗಲ್ ಮ್ಯಾಪ್ಸ್‌ನಲ್ಲಿ ಮೇಲೆ ಕಾರಿನ ಚಿತ್ರ ಆರಿಸಿದೆಯಾ, ಬೈಕಿನ ಚಿತ್ರವಾ ನೋಡಿ. ದ್ವಿಚಕ್ರ ವಾಹನದ ಈ ಆಯ್ಕೆ 2017ರ ಡಿಸೆಂಬರ್‌ನಲ್ಲಿ ಮೊದಲು ಬಂದಿದ್ದೇ ಭಾರತದಲ್ಲಿ, ಆದರೂ ಎಷ್ಟೋ ಜನ ಇವತ್ತಿಗೂ ಸ್ಕೂಟರ್ ಮೇಲೆ ಕೂತು ಕಾರಿನ ದಾರಿ ನೋಡಿಕೊಂಡು ಹೋಗುತ್ತಾರೆ. ನಿಮ್ಮ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರ್ ಹತ್ತುವ ಹಾಗಿಲ್ಲ. ನಾವು ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಊರೊಳಗಿನ ಹಳೆ ರಸ್ತೆಯಲ್ಲಿ ಹೋಗಬೇಕು. ಕಾರಿನ ಆಯ್ಕೆಯಲ್ಲಿ ಹೊರಟರೆ ಮ್ಯಾಪ್ ನಿಮ್ಮನ್ನು ನೇರವಾಗಿ ಆ ಮುಖ್ಯ ರಸ್ತೆಗೇ ಹತ್ತಿಸುತ್ತದೆ. ಬೈಕಿನ ಆಯ್ಕೆ ಇದ್ದರೂ ರಸ್ತೆ ಬದಿಯ ಫಲಕ ಏನು ಹೇಳುತ್ತದೋ ಅದನ್ನೇ ಕೇಳಿ. ಫೋನು ಎಡಕ್ಕೆ ಹೋಗು ಅನ್ನುತ್ತಿದೆ, ಫಲಕದಲ್ಲಿ ಸ್ಕೂಟರ್ ಚಿತ್ರಕ್ಕೆ ಕೆಂಪು ಗೆರೆ ಇದೆ ಅಂದರೆ ಹೋಗಬೇಡಿ, ಅಷ್ಟೇ.

ಇನ್ನು ಸೆಟ್ಟಿಂಗ್ಸ್‌ನಲ್ಲಿ ‘ಟೋಲ್ ಬೇಡ’, ‘ಹೆದ್ದಾರಿ ಬೇಡ’ ಅನ್ನುವ ಎರಡು ಗುಂಡಿಗಳಿವೆ. ಹಣ ಉಳಿಯುತ್ತೆ ಅಂತ ತುಂಬಾ ಜನ ಮೊದಲನೆಯದನ್ನು ಒತ್ತಿಬಿಡುತ್ತಾರೆ. ರಾಷ್ಟ್ರೀಯ ಹೆದ್ದಾರಿಯ ಟೋಲ್ ಗೇಟುಗಳಲ್ಲಿ ದ್ವಿಚಕ್ರ ವಾಹನಕ್ಕೆ ದುಡ್ಡೇ ಇಲ್ಲ. ಬೆಂಗಳೂರಿನ ನೈಸ್ ರಸ್ತೆಯಂಥ ಕಡೆ ಮಾತ್ರ ನಾವೂ ಕೊಡಬೇಕು. ಹಾಗಾಗಿ ಆ ಗುಂಡಿ ಒತ್ತಿದರೆ ಉಳಿಯುವುದು ಏನೂ ಇಲ್ಲ, ಸುಮ್ನೆ ಸುತ್ತು ಜಾಸ್ತಿ ಆಗುತ್ತದೆ. ‘ಹೆದ್ದಾರಿ ಬೇಡ’ ಕೂಡ ನಿಮಗೆ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ನೀವು ಇಷ್ಟಪಟ್ಟಿರುವ ಕನಕಪುರ ರಸ್ತೆಯೂ ರಾಷ್ಟ್ರೀಯ ಹೆದ್ದಾರಿಯೇ, ಅದರ ನಂಬರ್ 948. ಒಂದು ಹೆದ್ದಾರಿ ಬೇಡ, ಇನ್ನೊಂದು ಬೇಕು ಅಂತ ಆ ಗುಂಡಿಗೆ ಹೇಳಲು ಬರುವುದಿಲ್ಲ. ಎರಡನ್ನೂ ಆಫ್ ಮಾಡಿಡಿ.

ಈಗ ಚುಕ್ಕಿ. ಇಲ್ಲೇ ಎಲ್ಲಾ ಇರುವುದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಒಂದು ಹಾಳೆಯಲ್ಲಿ ಊರಿನ ಹೆಸರು ಸಾಲಾಗಿ ಬರೆದುಕೊಳ್ಳಿ: ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಬನ್ನೂರು, ಸೋಮನಾಥಪುರ, ಮೈಸೂರು. ಆಮೇಲೆ ಮ್ಯಾಪಿನಲ್ಲಿ ಬರೀ ನಿಮ್ಮ ಮನೆ ಮತ್ತು ಮೈಸೂರು ಹಾಕಿ, ನೀಲಿ ಗೆರೆ ನಿಮ್ಮ ದಾರಿಯನ್ನು ಬಿಟ್ಟು ಎಲ್ಲಿ ಹೊರಳುತ್ತದೆ ಅಂತ ಬೆರಳಿಟ್ಟು ನೋಡಿ. ನಿಮ್ಮ ವಿಷಯದಲ್ಲಿ ಅದು ಬೆಂಗಳೂರಿನಲ್ಲೇ ಹೊರಳಿಬಿಡುತ್ತದೆ. ಆ ಹೊರಳು ಮುಗಿದ ಮೇಲೆ, ಅಂದರೆ ಕನಕಪುರ ರಸ್ತೆಯಲ್ಲಿ ಊರು ದಾಟಿದ ಮೇಲೆ, ಒಂದು ಕಡೆ ‘ನಿಲುಗಡೆ ಸೇರಿಸಿ’ ಅಂತ ಮೊದಲ ಚುಕ್ಕಿ ಇಡಿ. ಗೆರೆ ಬದಲಾಗುತ್ತದೆ. ಮತ್ತೆ ನೋಡಿ, ಈಗ ಎಲ್ಲಿ ಹೊರಳುತ್ತಿದೆ? ಅಲ್ಲಿಗೆ ಇನ್ನೊಂದು. ಹೀಗೆ ಅದು ತಪ್ಪುವ ಕಡೆ ಮಾತ್ರ ಇಡಬೇಕು. ಎಲ್ಲಾ ಊರಿಗೂ ಒಂದೊಂದು ಅಂತ ಇಡಲು ಹೋಗಬೇಡಿ, ಏಕೆಂದರೆ ಒಂದು ಪ್ರಯಾಣಕ್ಕೆ ಇಷ್ಟೇ ನಿಲುಗಡೆ ಅಂತ ಮಿತಿ ಇದೆ, ಮೈಸೂರೂ ಸೇರಿ ಸುಮಾರು 10. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಪ್ರತಿ ಚುಕ್ಕಿಯನ್ನೂ ಮ್ಯಾಪ್ ‘ಇವರು ಇಲ್ಲಿಗೇ ಬರುತ್ತಿದ್ದಾರೆ’ ಅಂತ ತಿಳಿಯುತ್ತದೆ. ಅಲ್ಲಿ ಮುಟ್ಟಿದಾಗ ‘ನೀವು ತಲುಪಿದ್ದೀರಿ’ ಅನ್ನುತ್ತದೆ, ಮುಂದುವರಿಸು ಅಂತ ನೀವು ಪರದೆ ಒತ್ತಬೇಕಾಗಬಹುದು. ಗ್ಲೌಸ್ ಹಾಕಿಕೊಂಡು, ಲಾರಿ ಹಿಂದೆ ಹೋಗುತ್ತಾ ಹತ್ತು ಸಲ ಪರದೆ ಒತ್ತುವುದು ಅಪಾಯ. ಹಾಗಾಗಿ ಚುಕ್ಕಿ ಕಡಿಮೆ ಇರಲಿ, ಇದ್ದದ್ದು ನೀವು ಹೇಗಿದ್ದರೂ ನಿಲ್ಲುವ ಜಾಗದಲ್ಲೇ ಇರಲಿ.

ಚುಕ್ಕಿಯನ್ನು ಸರಿಯಾಗಿ ಎಲ್ಲಿ ಇಡಬೇಕು ಅನ್ನುವುದನ್ನು ನಾನು ತಪ್ಪು ಮಾಡಿಯೇ ಕಲಿತೆ. ಇದೇ ದಾರಿಯಲ್ಲಿ ಮೊದಲ ಸಲ ಹೋದಾಗ ಸುಮ್ನೆ ‘ಮಳವಳ್ಳಿ’ ಅಂತ ಟೈಪ್ ಮಾಡಿ ಸೇರಿಸಿದ್ದೆ. ಊರಿನ ಹೆಸರು ಹಾಕಿದರೆ ಚುಕ್ಕಿ ಊರಿನ ನಡುಮಧ್ಯೆ ಎಲ್ಲೋ ಕೂತುಕೊಳ್ಳುತ್ತದೆ, ನಾನು ಅದನ್ನು ನೋಡಿರಲಿಲ್ಲ. ಆ್ಯಪ್ ನನ್ನನ್ನು ಮುಖ್ಯ ರಸ್ತೆ ಬಿಡಿಸಿ ಮನೆಗಳ ಮಧ್ಯೆ ಒಂದು ಓಣಿಗೆ ಕರೆದುಕೊಂಡು ಹೋಗಿ, ಒಂದು ಗೋಡೆಯ ಮುಂದೆ ತಲುಪಿದ್ದೀರಿ ಅಂತು. ಅಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದ ಅಜ್ಜಿ ‘ಯಾರ ಮನೆ ಬೇಕಿತ್ತಪ್ಪಾ?’ ಅಂತ ಕೇಳಿದರು. ಬನ್ನೂರು ರಸ್ತೆ ಅಂದೆ, ಕೈ ತೋರಿಸಿ ದಾರಿ ಹೇಳಿದರು. ಅವತ್ತಿನಿಂದ ಊರಿನ ಹೆಸರು ಹಾಕುವುದನ್ನು ಬಿಟ್ಟೆ. ರಸ್ತೆಯನ್ನು ದೊಡ್ಡದು ಮಾಡಿ, ಡಾಂಬರಿನ ಮೇಲೆಯೇ ಬೆರಳನ್ನು ಒತ್ತಿ ಹಿಡಿದು ಚುಕ್ಕಿ ಇಡುತ್ತೇನೆ.

ಅದಕ್ಕಿಂತಲೂ ಒಳ್ಳೆಯದು ಪೆಟ್ರೋಲ್ ಬಂಕ್. ಬಂಕ್ ಯಾವಾಗಲೂ ಮುಖ್ಯ ರಸ್ತೆಗೆ ಅಂಟಿಕೊಂಡೇ ಇರುತ್ತದೆ, ಮ್ಯಾಪಿನಲ್ಲಿ ಹೆಸರು ಇರುತ್ತದೆ, ನಿಂತು ನೀರು ಕುಡಿಯಬಹುದು, ಎಷ್ಟೋ ಕಡೆ ಶೌಚಾಲಯವೂ ಸಿಗುತ್ತದೆ. ಎರಡು ವಿಷಯ ಮಾತ್ರ ನೋಡಿಕೊಳ್ಳಿ. ಬಂಕ್ ನೀವು ಹೋಗುವ ದಿಕ್ಕಿನಲ್ಲಿ ಎಡಗಡೆಯೇ ಇರಬೇಕು, ಇಲ್ಲದಿದ್ದರೆ ನಡುವೆ ಡಿವೈಡರ್ ಇರುವ ಕಡೆ ಮ್ಯಾಪ್ ನಿಮ್ಮನ್ನು ಮುಂದೆ ಕಳಿಸಿ ಯೂ-ಟರ್ನ್ ಹೊಡೆಸುತ್ತದೆ. ಇನ್ನೊಂದು, ಚುಕ್ಕಿ ಕೂಡುರಸ್ತೆಯಲ್ಲಿ ಇರಬಾರದು, ಕೂಡುರಸ್ತೆ ತಿರುಗಿ ಒಂದು ಅರ್ಧ ಕಿಲೋಮೀಟರ್ ಆದಮೇಲೆ ಇರಬೇಕು. ಕೂಡುರಸ್ತೆಯಲ್ಲೇ ಇಟ್ಟರೆ ಅಲ್ಲಿಗೆ ಹೋಗುವವರೆಗೂ ಸರಿ ಇರುತ್ತದೆ, ಅಲ್ಲಿಂದ ಮುಂದೆ ಅದು ಮತ್ತೆ ತನ್ನಿಷ್ಟದ ರಸ್ತೆ ಹಿಡಿಯುತ್ತದೆ. ತಿರುಗಿದ ಮೇಲೆ ಇಟ್ಟರೆ ಆ ತಿರುವನ್ನು ತೆಗೆದುಕೊಳ್ಳಲೇಬೇಕು.

ಹೆಸರು ಹುಡುಕುವಾಗ ಇನ್ನೊಂದು ಎಚ್ಚರ. ನಮ್ಮ ರಾಜ್ಯದಲ್ಲಿ ಒಂದೇ ಹೆಸರಿನ ಊರು ಎಷ್ಟಿವೆ! ಹೊಸಹಳ್ಳಿ, ರಾಂಪುರ ಅಂದರೆ ತಾಲೂಕಿಗೊಂದು ಸಿಗುತ್ತದೆ. ನಿಮಗೆ ಬೇಕಾದ ಬನ್ನೂರು ಮೈಸೂರು ಜಿಲ್ಲೆಯದು, ಪುತ್ತೂರಿನ ಹತ್ತಿರವೂ ಒಂದು ಬನ್ನೂರು ಇದೆ. ಸೇರಿಸಿದ ಮೇಲೆ ಒಟ್ಟು ದೂರ ನೋಡಿ. ಈ ದಾರಿ ಸುಮಾರು 150 ಕಿಲೋಮೀಟರ್, ಸೋಮನಾಥಪುರಕ್ಕೆ ಹೋಗಿಬಂದರೆ ಇನ್ನೊಂದಿಷ್ಟು. 500, 600 ಅಂತ ತೋರಿಸಿದರೆ ಒಂದು ಚುಕ್ಕಿ ಬೇರೆ ಊರಿಗೆ ಹೋಗಿ ಕೂತಿದೆ ಅಂತಲೇ ಅರ್ಥ.

ಸೋಮನಾಥಪುರದಲ್ಲಿ ಮಾತ್ರ ಚುಕ್ಕಿಯನ್ನು ದೇವಸ್ಥಾನದ ಮೇಲೆಯೇ ಇಡಿ, ಅಲ್ಲಿ ಹೇಗಿದ್ದರೂ ಇಳಿಯುತ್ತೀರಿ. ಬನ್ನೂರಿನಿಂದ ತಿರುಮಕೂಡಲು ನರಸೀಪುರದ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಸಿಗುತ್ತದೆ. ಬೇಲೂರು, ಹಳೇಬೀಡಿನ ಜೊತೆ ಇದೂ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅವಸರದಲ್ಲಿ ನೋಡುವ ಜಾಗ ಅಲ್ಲ ಅದು, ಒಂದೂವರೆ ಗಂಟೆಯಾದರೂ ಇಟ್ಟುಕೊಳ್ಳಿ. ಅಲ್ಲಿಂದ ಮೈಸೂರಿಗೆ ವಾಪಸ್ ಬನ್ನೂರಿಗೆ ಬಂದೂ ಹೋಗಬಹುದು, ನರಸೀಪುರದ ಮೇಲೂ ಹೋಗಬಹುದು. ಅವತ್ತು ಯಾವುದು ಬೇಕೋ ಅದರ ಮೇಲೆ ಒಂದು ಚುಕ್ಕಿ.

ಎಲ್ಲಾ ಇಟ್ಟಾದ ಮೇಲೆ ಉಪಗ್ರಹದ ಚಿತ್ರ ಹಾಕಿಕೊಂಡು ಗೆರೆಯ ಮೇಲೆ ಒಂದು ಸಲ ಕಣ್ಣಾಡಿಸಿ. ಬೈಕಿನ ಆಯ್ಕೆಯಲ್ಲಿ ಮ್ಯಾಪ್ ಸಣ್ಣ ಸಣ್ಣ ಅಡ್ಡದಾರಿಗಳನ್ನೂ ಹಿಡಿಯುತ್ತದೆ, ಎರಡು ನಿಮಿಷ ಉಳಿಸಲು ಗದ್ದೆ ಬದುವಿನ ಪಕ್ಕದ ಮಣ್ಣುರಸ್ತೆಗೂ ಇಳಿಸಬಹುದು. ದೊಡ್ಡ ಚಕ್ರದ ಬೈಕಿಗೆ ಅದು ಪರವಾಗಿಲ್ಲ. ನಮ್ಮ ಸ್ಕೂಟರುಗಳ ಚಕ್ರ 10 ಅಥವಾ 12 ಇಂಚು, ಗುಂಡಿಗೆ ಬಿದ್ದರೆ ಹ್ಯಾಂಡಲ್ ಕೈಬಿಟ್ಟು ಹೋಗುತ್ತದೆ. ಮೇಲಿನಿಂದ ನೋಡಿದಾಗ ರಸ್ತೆ ಕಪ್ಪಗೆ, ನಡುವೆ ಬಿಳಿ ಗೆರೆ ಕಂಡರೆ ಒಳ್ಳೆಯದು. ಕೆಂಪಗೆ, ತೆಳ್ಳಗೆ ಕಂಡರೆ ಅಲ್ಲಿಗೂ ಒಂದು ಚುಕ್ಕಿ ಇಟ್ಟು ದೊಡ್ಡ ರಸ್ತೆಗೆ ಎಳೆಯಿರಿ. ‘ಇಂಧನ ಉಳಿಸುವ ದಾರಿ’ ಅನ್ನುವ ಆಯ್ಕೆ ಆನ್ ಇದ್ದರೆ ಅದನ್ನೂ ಆಫ್ ಮಾಡಿ, ಅದು ಮತ್ತೆ ಗೆರೆ ಬದಲಿಸುತ್ತದೆ.

ಮಾಡಿದ್ದನ್ನು ಉಳಿಸಿಕೊಳ್ಳುವುದಕ್ಕೆ ನನ್ನ ಉಪಾಯ ಇದು: ದಾರಿಯ ಲಿಂಕನ್ನು ಶೇರ್ ಮಾಡಿ ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ, ಮನೆಯವರಿಗೂ ಒಂದು ಕಳಿಸಿ. ಬೆಳಿಗ್ಗೆ ಲಿಂಕ್ ಒತ್ತಿದರೆ ಚುಕ್ಕಿಗಳ ಸಮೇತ ತೆರೆಯುತ್ತದೆ. ಕಂಪ್ಯೂಟರಿನಲ್ಲಿ ಗೆರೆಯನ್ನು ಮೌಸ್‌ನಿಂದ ಹಿಡಿದು ಎಳೆಯಬಹುದು, ನೋಡಲು ಸುಲಭ ಅನ್ನಿಸುತ್ತದೆ, ಆದರೆ ಹಾಗೆ ಎಳೆದದ್ದು ಫೋನಿಗೆ ಬಂದಾಗ ಹಾಗೇ ಉಳಿಯುತ್ತದೆ ಅಂತ ನಂಬಬೇಡಿ. ಫೋನು ತಾನೇ ಮತ್ತೆ ಲೆಕ್ಕ ಹಾಕುತ್ತದೆ. ಎಳೆಯುವ ಬದಲು ನಿಲುಗಡೆಯಾಗಿಯೇ ಸೇರಿಸಿ.

ನಡುವೆ ಒಂದು ಚುಕ್ಕಿಯನ್ನು ನಿಲ್ಲದೆ ದಾಟಿಬಿಟ್ಟಿರಿ ಅನ್ನಿ. ಮ್ಯಾಪ್ ಹಿಂದಕ್ಕೆ ತಿರುಗು, ಹಿಂದಕ್ಕೆ ತಿರುಗು ಅಂತ ಹೇಳುತ್ತಲೇ ಇರುತ್ತದೆ. ಗಾಬರಿ ಬೇಡ. ಗಾಡಿ ಬದಿಗೆ ಹಾಕಿ, ಆ ಒಂದು ನಿಲುಗಡೆಯನ್ನು ತೆಗೆದುಹಾಕಿ. ‘ಇನ್ನೂ ಬೇಗದ ದಾರಿ ಸಿಕ್ಕಿದೆ’ ಅಂತ ಬಂದರೆ ಬೇಡ ಅನ್ನಿ, ನೋಡಿಯೂ ಸುಮ್ಮನಿದ್ದರೆ ಅದು ತಾನಾಗಿಯೇ ಬದಲಿಸಿಬಿಡಬಹುದು.

ಇಷ್ಟು ಚುಕ್ಕಿ ಇಟ್ಟರೂ ಸಾಲದು, ಗೆರೆ ಒಂದಿಂಚೂ ಆಚೀಚೆ ಆಗಬಾರದು ಅನ್ನುವವರಿಗೆ ಬೇರೆ ದಾರಿ ಇದೆ. ಕರ್ವಿಗರ್ ಅನ್ನುವ ಜಾಲತಾಣದಲ್ಲಿ ದಾರಿ ಬರೆದು, ಅದನ್ನು ಜಿಪಿಎಕ್ಸ್ ಫೈಲಾಗಿ (ದಾರಿಯ ಗೆರೆಯನ್ನು ಹಾಗೇ ಉಳಿಸಿಡುವ ಫೈಲ್) ಇಳಿಸಿಕೊಂಡು, ಓಸ್ಮ್ಯಾಂಡ್ ಆ್ಯಪ್‌ನಲ್ಲಿ ತೆರೆಯಬೇಕು. ಎರಡೂ ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮೇಲೆ ನಡೆಯುತ್ತವೆ. ಓಸ್ಮ್ಯಾಂಡ್ ಬೇಗದ ದಾರಿ ಹುಡುಕುವುದನ್ನು ಬಿಟ್ಟು ನೀವು ಕೊಟ್ಟ ಗೆರೆಯನ್ನೇ ಹಿಡಿಯುತ್ತದೆ, ಕರ್ನಾಟಕದ ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಟ್ರಾಫಿಕ್ ಮಾತ್ರ ಗೂಗಲ್ ಹಾಗೆ ತೋರಿಸುವುದಿಲ್ಲ, ಕಲಿಯಲು ಒಂದೆರಡು ದಿನ ಬೇಕು. ಮೈಸೂರಿಗೆ ಹೋಗಲು ಇದು ಬೇಕಿಲ್ಲ. ಮಲೆನಾಡಿನ ಒಳದಾರಿ ಸುತ್ತುವ ಮನಸ್ಸು ಬಂದಾಗ ಕಲಿಯಿರಿ.

ಮ್ಯಾಪ್ ತೋರಿಸುವ ಸಮಯವನ್ನು ನಾನು ಯಾವತ್ತೂ ಪೂರ್ತಿ ನಂಬುವುದಿಲ್ಲ. ಸ್ಕೂಟರಿನಲ್ಲಿ ಆರಾಮಾಗಿ ಹೋಗುವುದು ಗಂಟೆಗೆ 50, ಹೆಚ್ಚೆಂದರೆ 60. ಒಂದು ಗಂಟೆಗೊಮ್ಮೆ ಇಳಿದು ಬೆನ್ನು ನೆಟ್ಟಗೆ ಮಾಡಲೇಬೇಕು. ಅದು ಮೂರೂವರೆ ಗಂಟೆ ಅಂದರೆ ನೀವು ಐದು ಅಂತ ಇಟ್ಟುಕೊಳ್ಳಿ, ದೇವಸ್ಥಾನದ ಹೊತ್ತು ಬೇರೆ. ಬೆಳಿಗ್ಗೆ 6ಕ್ಕೆ ಹೊರಡಿ. ಸಾತನೂರಿನ ಆಸುಪಾಸು ಕಾಡಂಚು, ಆನೆ ಓಡಾಡುವ ಸೀಮೆ, ಅಲ್ಲಿ ಕತ್ತಲಲ್ಲಿ ಇರಬಾರದು. ಹಾಗೇ ಮುಂದೊಂದು ದಿನ ಮೈಸೂರಿನಿಂದ ಊಟಿಗೋ ವಯನಾಡಿಗೋ ಹೊರಟರೆ, ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಮುಚ್ಚಿರುತ್ತದೆ ಅನ್ನುವುದು ನೆನಪಿರಲಿ. ಅದನ್ನು ಮ್ಯಾಪ್ ಹೇಳಲಿ ಅಂತ ಕಾಯಬೇಡಿ.

ನಿಮ್ಮದು ಪೆಟ್ರೋಲ್ ಗಾಡಿ, 5 ಲೀಟರಿನ ಟ್ಯಾಂಕು ತುಂಬಿಸಿದರೆ ಮೈಸೂರು ಮುಟ್ಟುತ್ತದೆ. ಮುಂದೆ ಎಲೆಕ್ಟ್ರಿಕ್ ಗಾಡಿ ತೆಗೆದುಕೊಂಡರೆ ಚುಕ್ಕಿ ಇಡುವ ಕ್ರಮವೇ ಬೇರೆ: ಮೊದಲು ಚಾರ್ಜಿಂಗ್ ಜಾಗ ಹುಡುಕಿ, ಅವೇ ನಿಮ್ಮ ಚುಕ್ಕಿಗಳು, ದಾರಿ ಅವುಗಳ ಹಿಂದೆ ಬರಬೇಕು. ಅದು ಕೆಲಸ ಮಾಡುತ್ತಿದೆಯಾ ಅಂತ ಹಿಂದಿನ ದಿನ ಫೋನ್ ಮಾಡಿ ಕೇಳಿ.

ಫೋನನ್ನು ಕೈಯಲ್ಲಿ ಹಿಡಿದು ನೋಡುತ್ತಾ ಓಡಿಸಬಾರದು. ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದ ಹಾಗೆ ಫೋನ್ ಬಳಸಬಹುದು ಅಂತ 2020ರ ಅಕ್ಟೋಬರ್‌ನಿಂದ ನಿಯಮ ಇದೆ. ಗಟ್ಟಿ ಹೋಲ್ಡರ್ ಹಾಕಿಸಿ. ನಡುಗುವುದನ್ನು ತಡೆಯುವ ರಬ್ಬರ್ ಇರುವ ಹೋಲ್ಡರ್ ಸಿಕ್ಕರೆ ಇನ್ನೂ ಒಳ್ಳೆಯದು, ಗಾಡಿಯ ನಡುಕದಿಂದ ಫೋನಿನ ಕ್ಯಾಮೆರಾ ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಹೇಳಿದೆ, ಸ್ಕೂಟರ್‌ಗೂ ಅಂಥ ಹೋಲ್ಡರ್ ಹಾಕಿ ಅಂದಿದೆ. ಧ್ವನಿಯನ್ನು ಕನ್ನಡಕ್ಕೆ ಹಾಕಿಕೊಳ್ಳಿ, ಆಗ ಪರದೆ ನೋಡುವುದು ತುಂಬಾ ಕಡಿಮೆಯಾಗುತ್ತದೆ. ಬಿಸಿಲಲ್ಲಿ ಫೋನು ಕಾದು ಪರದೆ ಮಂಕಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಪವರ್ ಬ್ಯಾಂಕ್ ಇರಲಿ. ಊರಿನ ಹೆಸರು ಬರೆದ ಆ ಹಾಳೆಯೂ ಜೇಬಲ್ಲಿರಲಿ. ಫೋನು ಕೈಕೊಟ್ಟರೆ ಯಾವುದಾದರೂ ಟೀ ಅಂಗಡಿಯಲ್ಲಿ ನಿಂತು ಮುಂದಿನ ಊರಿನ ಹೆಸರು ಹೇಳಿದರೆ ಸಾಕು, ಸೀದಾ ಹೋಗಿ ಅರಳಿಕಟ್ಟೆ ಹತ್ತಿರ ಬಲಕ್ಕೆ ತಿರುಗಿ ಅಂತ ಹೇಳುವವರು ನಾಲ್ಕು ಜನ ಸಿಗುತ್ತಾರೆ.

ವಾಪಸ್ ಬರುವಾಗ ಇದೇ ಲಿಂಕನ್ನು ತಲೆಕೆಳಗು ಮಾಡಿ ಬಳಸಬೇಡಿ. ಹೋಗುವಾಗ ಕೂಡುರಸ್ತೆ ದಾಟಿದ ಮೇಲೆ ಇಟ್ಟ ಚುಕ್ಕಿ, ಬರುವಾಗ ಕೂಡುರಸ್ತೆಗೆ ಮೊದಲೇ ಬರುತ್ತದೆ, ಎಡಗಡೆಯ ಬಂಕ್ ಬಲಗಡೆಗೆ ಹೋಗಿರುತ್ತದೆ. ತವರಿನಲ್ಲಿ ಊಟ ಆದಮೇಲೆ ಕೂತು ಇನ್ನೊಂದು ಸಲ ಹೊಸದಾಗಿ ಚುಕ್ಕಿ ಇಡಿ, ಎರಡನೇ ಸಲಕ್ಕೆ ಹತ್ತು ನಿಮಿಷ ಸಾಕು.