ವಕೀಲರನ್ನು ಕೇಳುವ ಮುನ್ನ ಕೆಲಸವನ್ನು ಗೊತ್ತುಮಾಡಿಕೊಳ್ಳಿ

ಬಾಗಲಕೋಟೆ, ಬೀಳಗಿ, ಮುಧೋಳ ಭಾಗದಲ್ಲಿ ಕಾನೂನು ನೆರವು ಕೇಂದ್ರ ನಡೆಸುವವರು ನನ್ನ ಕಚೇರಿಗೆ ಬಂದಾಗ ಬಹುಮಟ್ಟಿಗೆ ಒಂದೇ ಮಾತಿನಿಂದ ಆರಂಭಿಸುತ್ತಾರೆ: "ಬಡವರ ಕೆಲಸ ಐತ್ರಿ ಸರ, ಫೀ ತಗೊಳ್ಳದ ವಕೀಲರೊಬ್ಬರನ್ನ ಕೊಡಸ್ರಿ." ಯಾವ ಕೆಲಸ ಎಂದು ಕೇಳಿದರೆ, "ಎಲ್ಲಾ ನಮೂನಿ ಇರ್ತಾವ್ರಿ" ಎನ್ನುತ್ತಾರೆ. ಅವರ ಕಳಕಳಿಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಹೀಗೆ ಕೇಳಿದಾಗ ವಕೀಲರು "ಆಗಲಿ" ಎಂದು ಒಪ್ಪಿಕೊಳ್ಳುವುದು, ಆಮೇಲೆ ಫೋನ್ ಎತ್ತದಿರುವುದು, ವಕೀಲರಿಗೆ ಕರುಣೆಯೇ ಇಲ್ಲವೆಂದು ಕೇಂದ್ರದವರು ನೊಂದುಕೊಳ್ಳುವುದು, ಇವೆಲ್ಲ ಮತ್ತೆ ಮತ್ತೆ ನಡೆಯುತ್ತಿರುವುದರಿಂದ ಈ ವಿಷಯವನ್ನು ಬಿಡಿಸಿ ಬರೆಯಬೇಕೆನಿಸಿತು.

ವಕಾಲತ್ತು ಕೇಳುವುದು ಬೇರೆ, ವಕೀಲರ ಒಂದು ತಾಸು ಕೇಳುವುದು ಬೇರೆ. ವಕಾಲತ್ತಿಗೆ ಸಹಿ ಹಾಕಿದವರು ಆ ದಾವೆಯ ಪ್ರತಿಯೊಂದು ತಾರೀಖಿಗೂ ಹೊಣೆಗಾರರಾಗುತ್ತಾರೆ. ಸಿವಿಲ್ ದಾವೆಯಲ್ಲಿ ನ್ಯಾಯಾಲಯದ ಅನುಮತಿಯಿಲ್ಲದೆ ನಡುವೆ ಕೈಬಿಡಲು ಬರುವುದಿಲ್ಲ. ಒಂದು ವಾಟ್ನಿ (ಆಸ್ತಿ ಪಾಲಿನ) ದಾವೆ ಎಷ್ಟು ವರ್ಷ ಎಳೆಯುತ್ತದೆಂಬುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಹೀಗಿರುವಾಗ "ಉಚಿತವಾಗಿ ಬನ್ನಿ" ಎಂಬ ಕರೆ ವಕೀಲರ ಕಿವಿಗೆ ಮಿತಿಯಿಲ್ಲದ ಹೊರೆಯಾಗಿಯೇ ಕೇಳಿಸುತ್ತದೆ. ಅದೇ ವಕೀಲರಿಗೆ "ಈ ಐದು ಹಾಳೆ ಓದಿ, ಅವಧಿ ಮೀರಿದೆಯೋ ಇಲ್ಲವೋ ಶನಿವಾರದೊಳಗೆ ಹೇಳಿರಿ" ಎಂದು ಕೇಳಿನೋಡಿ. ನನ್ನ ಅನುಭವದಲ್ಲಿ ಇಲ್ಲವೆನ್ನುವವರು ಕಡಿಮೆ. ಶಕ್ತ್ಯಾನುಸಾರ ಬಡವರಿಗೆ ಉಚಿತ ನೆರವು ನೀಡುವುದು ವಕೀಲರ ಅತ್ಯುನ್ನತ ಕರ್ತವ್ಯಗಳಲ್ಲೊಂದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಹೇಳುತ್ತವೆ, ಮತ್ತು ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡವರು ನಮ್ಮ ಬಾರ್‌ನಲ್ಲಿ ಅನೇಕರಿದ್ದಾರೆ.

ಕೋರ್ಟಿನಲ್ಲಿ ನಿಲ್ಲುವ ವಕೀಲರೇ ಬೇಕಾದರೆ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ತಾಲೂಕು ಸಮಿತಿಗೋ ಅರ್ಜಿ ಕೊಡಿಸಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನಲ್ಲಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಹೀಗೆ ಹಲವರಿಗೆ ವರಮಾನದ ಮಿತಿಯೂ ಅಡ್ಡಬರುವುದಿಲ್ಲ. ಅಲ್ಲಿ ನೇಮಕವಾಗುವ ಪ್ಯಾನೆಲ್ ವಕೀಲರಿಗೆ ಪ್ರಾಧಿಕಾರವೇ ಶುಲ್ಕ ಕೊಡುತ್ತದೆ. 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಕೇಂದ್ರದವರು ಬೇಡಿ ತರುವ ವಕೀಲರ ಸಮಯ ಅದಕ್ಕಿಂತ ಹಿಂದಿನ ಕೆಲಸಗಳಿಗೆ, ಅಂದರೆ ಕಾಗದ ಓದುವುದು, ಅರ್ಜಿ ಬರೆಯುವುದು, ವಾರಸಾ ವರ್ದಿಯ (ವಾರಸುದಾರರ ಹೆಸರನ್ನು ಜಮೀನಿನ ದಾಖಲೆಗೆ ಸೇರಿಸುವ ಕೋರಿಕೆಯ) ತಕರಾರಿಗೆ ಉತ್ತರ ಸಿದ್ಧಪಡಿಸುವುದು ಇಂಥವಕ್ಕೆ ಮೀಸಲಾಗಿರಲಿ.

ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಹೊಲ ಕಳೆದುಕೊಂಡ ಕುಟುಂಬವೊಂದರ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಪಕ್ಕದ ಹೊಲದವರಿಗೆ ನ್ಯಾಯಾಲಯ ಪರಿಹಾರ ಹೆಚ್ಚಿಸಿತ್ತು. ಹಳೆಯ 1894ರ ಭೂಸ್ವಾಧೀನ ಕಾಯ್ದೆಯ 28-ಎ ಕಲಮಿನ ಪ್ರಕಾರ, ಅದೇ ಅಧಿಸೂಚನೆಯಡಿ ಜಮೀನು ಕೊಟ್ಟು, ತಾವಾಗಿ ಕೋರ್ಟಿಗೆ ಹೋಗದಿದ್ದವರು, ಆ ತೀರ್ಪಿನಿಂದ ಮೂರು ತಿಂಗಳೊಳಗೆ ತಮಗೂ ಅದೇ ಆಧಾರದಲ್ಲಿ ಪರಿಹಾರ ಮರುನಿಗದಿ ಮಾಡುವಂತೆ ಅಧಿಕಾರಿಗೆ ಲಿಖಿತ ಅರ್ಜಿ ಕೊಡಬಹುದಿತ್ತು. ತೀರ್ಪಿನ ನಕಲು ಪಡೆಯಲು ಹಿಡಿದ ಕಾಲ ಮಾತ್ರ ಆ ಲೆಕ್ಕಕ್ಕೆ ಸೇರುವುದಿಲ್ಲ. ಎರಡು ಪುಟದ ಅರ್ಜಿ, ಜೊತೆಗೆ ತೀರ್ಪಿನ ನಕಲು, ಉತಾರ (ಪಹಣಿ), ನೋಟೀಸು, ಇಷ್ಟೇ ಕೆಲಸ. ಕೇಂದ್ರದವರು ಆ ಅವಧಿಯನ್ನೆಲ್ಲ "ದೊಡ್ಡ ಕೇಸು, ದೊಡ್ಡ ವಕೀಲರೇ ಬೇಕು" ಎಂದು ಬಾಗಲಕೋಟೆಯಿಂದ ಧಾರವಾಡದವರೆಗೆ ಹುಡುಕುವುದರಲ್ಲಿ ಕಳೆದಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದಗಳನ್ನು ನನ್ನ ಮೇಜಿನ ಮೇಲೆ ಹರಡಿದಾಗ ಗಡುವು ದಾಟಿತ್ತು. ಬೇಕಾಗಿದ್ದುದೆಲ್ಲ ಒಂದೇ ಒಂದು ತಾಸು. ಅದನ್ನು ಹಾಗೆಂದು ಕೇಳಿದವರೇ ಇರಲಿಲ್ಲ.

ಆದ್ದರಿಂದ ವಕೀಲರ ಬಳಿಗೆ ಹೋಗುವ ಮುನ್ನ ಒಂದು ಹಾಳೆ ಸಿದ್ಧಮಾಡಿಕೊಳ್ಳಿರಿ. ಅದರಲ್ಲಿ ಕಕ್ಷಿದಾರರ ಮತ್ತು ಎದುರುದಾರರ ಹೆಸರು ಮೊದಲಿಗೇ ಇರಲಿ, ಏಕೆಂದರೆ ಎದುರುದಾರರು ಆ ವಕೀಲರದೇ ಕಕ್ಷಿದಾರರಾಗಿದ್ದರೆ ಮುಂದಿನ ಒಂದು ಸಾಲನ್ನೂ ಅವರು ಓದಬಾರದು. ಅನಂತರ ಘಟನೆಗಳನ್ನು ತಾರೀಖಿನ ಕ್ರಮದಲ್ಲಿ ಬರೆಯಿರಿ, ಕೈಯಲ್ಲಿರುವ ಕಾಗದಗಳನ್ನು ಹೆಸರಿಸಿರಿ, ಕೊನೆಗೆ ನಿಮ್ಮ ಪ್ರಶ್ನೆಯನ್ನೂ ಉತ್ತರ ಬೇಕಾದ ದಿನವನ್ನೂ ಬರೆಯಿರಿ. ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಲಾಗದಿದ್ದರೆ ಕೇಳುವ ಹೊತ್ತು ಇನ್ನೂ ಬಂದಿಲ್ಲವೆಂದೇ ತಿಳಿಯಿರಿ.

ಈ ಹಾಳೆ ಬರೆಯಲು ವಕೀಲರೇ ಬೇಕಿಲ್ಲ. ಕಾನೂನು ಕಾಲೇಜುಗಳು ಕಾನೂನು ನೆರವು ಘಟಕ ನಡೆಸಬೇಕೆಂಬ ನಿಯಮವಿದೆ, ಮತ್ತು ವಿದ್ಯಾರ್ಥಿಗಳು ತರಬೇತಿಗಾಗಿ ಕಳೆಯಬೇಕಾದ ವಾರಗಳನ್ನು ಸ್ವಯಂಸೇವಾ ಸಂಸ್ಥೆಗಳಲ್ಲೂ ಕಳೆಯಬಹುದು. ಅವರು ಕೋರ್ಟಿನಲ್ಲಿ ವಾದಿಸುವಂತಿಲ್ಲ ಎಂಬುದನ್ನು ಮಾತ್ರ ಜನರಿಗೆ ಸ್ಪಷ್ಟಪಡಿಸಿರಿ. ನಿವೃತ್ತ ಶಿರಸ್ತೇದಾರರು, ನಿವೃತ್ತ ತಲಾಟಿಗಳು (ಗ್ರಾಮ ಲೆಕ್ಕಿಗರು) ಇನ್ನೂ ಹೆಚ್ಚು ಉಪಯುಕ್ತರು. ನಮ್ಮ ಈ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಹಳೆಯ ಖರೀದಿ ಪತ್ರಗಳು, ವಾಟ್ನಿ ಪತ್ರಗಳು ಮರಾಠಿಯಲ್ಲಿ, ಎಷ್ಟೋ ಸಲ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿ ಇರುತ್ತವೆ. ಮೋಡಿ ಓದಬಲ್ಲ ವೃದ್ಧರೊಬ್ಬರು ನಿಮ್ಮೂರಿನಲ್ಲಿದ್ದರೆ ದಯವಿಟ್ಟು ಇಂದೇ ಹೋಗಿ ಅವರನ್ನು ಕಾಣಿರಿ. ಅಂಥವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.

ಒಂದು ಎಚ್ಚರಿಕೆಯೂ ಅಗತ್ಯ. ಕಕ್ಷಿದಾರರು ವಕೀಲರಿಗೆ ಹೇಳಿದ ಮಾತಿಗೆ ಸಾಕ್ಷ್ಯ ಕಾನೂನಿನ ರಕ್ಷಣೆಯಿದೆ, ವಕೀಲರ ಗುಮಾಸ್ತರಿಗೂ ದುಭಾಷಿಗಳಿಗೂ ಅದು ಅನ್ವಯಿಸುತ್ತದೆ. ಕೇಂದ್ರದ ಸ್ವಯಂಸೇವಕರಿಗೆ ಹೇಳಿದ್ದಕ್ಕೆ ಅದೇ ರಕ್ಷಣೆ ಸಿಗುತ್ತದೆಂದು ಭಾವಿಸಬಾರದು. ಕ್ರಿಮಿನಲ್ ಮತ್ತು ಕೌಟುಂಬಿಕ ದೌರ್ಜನ್ಯದ ವಿಷಯಗಳಲ್ಲಿ ಸ್ವಯಂಸೇವಕರು ವಿವರ ಕೆದಕದೆ ನೇರವಾಗಿ ವಕೀಲರ ಮುಂದೆ ಕೂಡಿಸುವುದು ಲೇಸು. ಹಾಗೆಯೇ ನೆರವಿಗೆ ಬಂದ ವಕೀಲರ ಫೋಟೊ, ಫೋನ್ ನಂಬರನ್ನು ಬ್ಯಾನರ್ ಮೇಲೆ ಹಾಕಬೇಡಿ. ವಕೀಲರು ಜಾಹೀರಾತು ನೀಡುವಂತಿಲ್ಲವಾದ್ದರಿಂದ ನೀವು ಅಭಿಮಾನದಿಂದ ಮಾಡಿದ್ದು ಅವರಿಗೆ ಮುಜುಗರ ತರುತ್ತದೆ.

ಕೆಲಸ ಮುಗಿದ ಮೇಲೆ ಅರ್ಜಿಯ ಗತಿ ಏನಾಯಿತೆಂದು ಆ ವಕೀಲರಿಗೆ ಒಂದು ಫೋನ್ ಮಾಡಿ ತಿಳಿಸಿರಿ. ಎರಡನೆಯ ಹಾಳೆಯನ್ನು ಅದಾದ ಮೇಲೆ ಒಯ್ಯಿರಿ.